ದೊಡ್ಡಮ್ಮನ ಲ್ಯಾಪ್‌ಟಾಪಿಗೆ ಲಿನಕ್ಸ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಉಚಿತವಾಗಿ ಬರುತ್ತಿದ್ದ ಅಪ್‌ಡೇಟ್‌ಗಳು ನಿಂತವು. ಅವತ್ತು ಯಾವ ಕಂಪ್ಯೂಟರೂ ಕೆಡಲಿಲ್ಲ. ಮರುದಿನವೂ ಎಲ್ಲ ಎಂದಿನ ಹಾಗೇ ಆನ್ ಆದವು. ಆದರೆ ಇನ್ನು ಮುಂದೆ ಅದರಲ್ಲಿ ಹೊಸ ಭದ್ರತಾ ದೋಷ ಸಿಕ್ಕರೆ ಸರಿಮಾಡುವ ಜವಾಬ್ದಾರಿ ಯಾರದ್ದೂ ಅಲ್ಲ. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಯಂತ್ರದಲ್ಲೇ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಇರಬೇಕು. 2016ರಲ್ಲಿ ಕೊಂಡ ಲ್ಯಾಪ್‌ಟಾಪ್ ಈ ಲೆಕ್ಕದಲ್ಲಿ ಹೊರಗೆ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್‌ವರೆಗೆ ಹೆಚ್ಚುವರಿ ಅಪ್‌ಡೇಟ್ ಪಡೆಯುವ ದಾರಿಯೊಂದನ್ನು ಮೈಕ್ರೋಸಾಫ್ಟ್ ಕೊಟ್ಟಿತು. ಅದು ತೀರ್ಮಾನವನ್ನು ಒಂದು ವರ್ಷ ಮುಂದೆ ಹಾಕುತ್ತದೆ, ಅಷ್ಟೇ.

ತಿಪಟೂರಿನಲ್ಲಿರುವ ನನ್ನ ದೊಡ್ಡಮ್ಮನ ಹತ್ತಿರ ಇರುವುದು ಅಂಥದ್ದೇ ಒಂದು ಲ್ಯಾಪ್‌ಟಾಪ್. ಆರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, ಹಳೇ ಕಾಲದ ಹಾರ್ಡ್ ಡಿಸ್ಕ್. ಅವರು ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆಗಿದ್ದವರು. ನಿವೃತ್ತಿಯ ನಂತರ ಸುತ್ತಲ ಹಳ್ಳಿಗಳ ಸೋಬಾನೆ ಪದ, ರಾಗಿ ಬೀಸುವ ಪದಗಳನ್ನು ಕೇಳಿ ಬರೆದುಕೊಂಡು, ಮನೆಗೆ ಬಂದು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಡುವುದೇ ಅವರ ಕೆಲಸ. ಹೊಸ ಲ್ಯಾಪ್‌ಟಾಪ್ ತಗೋಳೋಣ ಅಂದಾಗ ಅವರು ಕೇಳಿದ್ದು ಒಂದೇ ಮಾತು: "ಇದಕ್ಕೇನಾಗಿದೆಯೋ? ಚೆನ್ನಾಗೇ ನಡೀತಿದೆಯಲ್ಲ!"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಕೀಲಿಮಣೆ ಸರಿಯಿದೆ, ಪರದೆ ಸರಿಯಿದೆ, ಕೆಲಸ ನಡೆಯುತ್ತಿದೆ. ಎಲ್ಲೋ ದೂರದ ಕಚೇರಿಯೊಂದು ತಾರೀಕು ಗೊತ್ತು ಮಾಡಿತು ಅಂತ ಇದನ್ನು ಗುಜರಿಗೆ ಹಾಕಬೇಕೇ? ಆ ಸಿಟ್ಟಿನಲ್ಲೇ ನಾನು ಮೊದಲ ಸಲ, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಕಡೆ ಗಂಭೀರವಾಗಿ ನೋಡಿದ್ದು. ಆ ವರ್ಷ ದೀಪಾವಳಿ ಅದರ ಮುಂದಿನ ವಾರವೇ ಬಂತು. ರಜೆಗೆ ತಿಪಟೂರಿಗೆ ಹೋಗುವಷ್ಟರಲ್ಲಿ ಒಂದು ದಾರಿ ಹುಡುಕಿಕೊಳ್ಳಬೇಕಿತ್ತು.

ಹುಡುಕಲು ಕೂತರೆ ಮೊದಲು ಎದುರಾಗುವುದು "ಯಾವ ಲಿನಕ್ಸ್?" ಅನ್ನುವ ಪ್ರಶ್ನೆ. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್, ಜೋರಿನ್, ಪಾಪ್, ಆರ್ಚ್, ಹೀಗೆ ಮುಗಿಯದ ಪಟ್ಟಿ. ಸೀರೆ ಅಂಗಡಿಯಲ್ಲಿ ಒಂದರ ಮೇಲೊಂದು ಬಿಚ್ಚಿ ಹಾಸುತ್ತಾ ಹೋದಾಗ ನಾವು ಬಂದಿದ್ದು ಯಾವ ಸಮಾರಂಭಕ್ಕೆ ಅನ್ನುವುದೇ ಮರೆತುಹೋಗುತ್ತಲ್ಲ, ಹಾಗೆ. ಇಷ್ಟೊಂದು ಯಾಕಿವೆ ಅಂತ ತಿಳಿದರೆ ಗಾಬರಿ ಸ್ವಲ್ಪ ಇಳಿಯುತ್ತದೆ. ಲಿನಕ್ಸ್ ಅಂದರೆ ನಿಜವಾಗಿ ಒಳಗಿನ ಕರ್ನಲ್ ಮಾತ್ರ. ಹಾರ್ಡ್‌ವೇರ್ ಜೊತೆ ಮಾತಾಡುವ ಭಾಗ ಅದು. ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಅದನ್ನು ಬರೆಯಲು ಶುರುಮಾಡಿದರು. ಅದಕ್ಕೂ ಮುಂಚೆ, 1983ರಲ್ಲೇ, ರಿಚರ್ಡ್ ಸ್ಟಾಲ್‌ಮನ್ ಗ್ನೂ ಅನ್ನುವ ಮುಕ್ತ ತಂತ್ರಾಂಶದ ಯೋಜನೆಯನ್ನು ಘೋಷಿಸಿದ್ದರು. ಯಾರು ಬೇಕಾದರೂ ಬಳಸಬಹುದು, ಒಳಗೆ ಇಣುಕಬಹುದು, ತಿದ್ದಬಹುದು, ಹಂಚಬಹುದು ಅನ್ನುವ ಪರವಾನಗಿ ಅಲ್ಲಿಂದ ಬಂತು. ಹೀಗೆ ಬಿಟ್ಟ ಮೇಲೆ ಒಬ್ಬೊಬ್ಬರು ತಮಗೆ ಬೇಕಾದ ಹಾಗೆ ಜೋಡಿಸಿಕೊಂಡರು. ಆ ಜೋಡಣೆಗಳನ್ನೇ ಡಿಸ್ಟ್ರೋ ಅನ್ನುವುದು. 1993ರಲ್ಲಿ ಡೆಬಿಯನ್, ಅದರ ಮೇಲೆ 2004ರಲ್ಲಿ ಉಬುಂಟು, ಅದರ ಮೇಲೆ 2006ರಲ್ಲಿ ಮಿಂಟ್. ಹೆಸರು ನೂರಿದ್ದರೂ ಬೇರುಗಳು ಕೆಲವೇ.

ಅದಕ್ಕೇ ಹೊಸಬರು ಡಿಸ್ಟ್ರೋಗಳ ಹೋಲಿಕೆ ನೋಡುತ್ತಾ ಕೂರುವುದಕ್ಕಿಂತ, ಒಂದು ಹಾಳೆ ತೆಗೆದುಕೊಂಡು ತಾವು ಕಂಪ್ಯೂಟರಿನಲ್ಲಿ ದಿನಾ ಏನು ಮಾಡುತ್ತೇವೆ ಅಂತ ಬರೆಯುವುದು ಒಳ್ಳೆಯದು. ದೊಡ್ಡಮ್ಮನಿಗೆ ಫೋನ್ ಮಾಡಿ ಕೇಳಿ ಬರೆದುಕೊಂಡೆ. ನುಡಿ ಫೈಲ್‌ಗಳು. ರೆಕಾರ್ಡ್ ಮಾಡಿದ ಹಾಡುಗಳನ್ನು ನಿಲ್ಲಿಸಿ ನಿಲ್ಲಿಸಿ ಕೇಳುವುದು. ಫೋನಿನಿಂದ ಫೋಟೋ ಇಳಿಸುವುದು. ಯೂಟ್ಯೂಬ್. ವಾಟ್ಸಾಪ್ ವೆಬ್. ಬ್ಯಾಂಕಿನಿಂದ ಬರುವ ಪಾಸ್‌ವರ್ಡ್ ಹಾಕಿದ ಪಿಡಿಎಫ್. ಆಗಾಗ ಒಂದೆರಡು ಪುಟ ಪ್ರಿಂಟ್. ಈ ಪಟ್ಟಿಯಲ್ಲಿ ನುಡಿ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಯಾವ ಲಿನಕ್ಸಿನಲ್ಲೂ ನಡೆಯುತ್ತದೆ. ಅಂದರೆ ನಾನು ಪರೀಕ್ಷೆ ಮಾಡಬೇಕಾದ ವಿಷಯ ಯಾವುದು ಅಂತ ಗೊತ್ತಾಯಿತು.

ಇದೇ ಹಾಳೆ ಕೆಲವರಿಗೆ "ನೀವು ಹೋಗಬೇಡಿ" ಅಂತಲೂ ಹೇಳುತ್ತದೆ. ಅಂಗಡಿಯ ಲೆಕ್ಕ ಪೂರ್ತಿ ಟ್ಯಾಲಿಯಲ್ಲಿದ್ದರೆ, ಅದು ಲಿನಕ್ಸಿಗೆ ಅಂತ ಬರುವುದಿಲ್ಲ. ಆಟೋಕ್ಯಾಡ್, ಫೋಟೋಶಾಪ್ ಕೂಡ ಅಷ್ಟೇ. ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಟೆಂಡರ್ ಹಾಕುವವರು ತಮ್ಮ ಟೋಕನ್ನಿಗೆ ಲಿನಕ್ಸ್ ಡ್ರೈವರ್ ಇದೆಯಾ, ಆ ಜಾಲತಾಣ ಒಪ್ಪುತ್ತಾ ಅಂತ ಮೊದಲೇ ನೋಡಿಕೊಳ್ಳಬೇಕು. ನನಗೆ ಹೆಚ್ಚು ಕಾಳಜಿ ಇರುವುದು ನಮ್ಮ ಡಿಟಿಪಿಯವರ ಬಗ್ಗೆ. ಲಗ್ನಪತ್ರಿಕೆ, ಕರಪತ್ರ, ಸಣ್ಣ ಪತ್ರಿಕೆಗಳ ಪುಟ ಮಾಡುವ ಎಷ್ಟೋ ಜನ ಇವತ್ತಿಗೂ ಪೇಜ್‌ಮೇಕರ್ ಬಿಟ್ಟಿಲ್ಲ. ಅದರ ಕೊನೆಯ ಆವೃತ್ತಿ 7.0 ಬಂದಿದ್ದು 2001ರಲ್ಲಿ! ಸ್ಕ್ರೈಬಸ್ ಅನ್ನುವ ಮುಕ್ತ ತಂತ್ರಾಂಶ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಕನ್ನಡವನ್ನು ಈಗ ಸರಿಯಾಗಿ ತೋರಿಸುತ್ತದೆ. ಆದರೆ ವರ್ಷಗಟ್ಟಲೆ ಕೂಡಿಟ್ಟ ಪೇಜ್‌ಮೇಕರ್ ಫೈಲ್‌ಗಳು ಹಾಗೇ ಅದರಲ್ಲಿ ಬಂದು ಕೂರುವುದಿಲ್ಲ. ಹೊಟ್ಟೆಪಾಡಿನ ಯಂತ್ರದ ಮೇಲೆ ಮೊದಲ ಪ್ರಯೋಗ ಬೇಡ. ಮನೆಯಲ್ಲಿ ಎರಡನೇ ಕಂಪ್ಯೂಟರ್ ಇದ್ದರೆ ಅದರ ಮೇಲೆ ಮಾಡಿ.

"ಲಿನಕ್ಸ್ ಎಂಜಿನಿಯರುಗಳಿಗೆ, ನಮಗಲ್ಲ" ಅನ್ನುವವರಿಗೆ ನಾನು ಪಕ್ಕದ ಕೇರಳ ತೋರಿಸುತ್ತೇನೆ. ಅಲ್ಲಿಯ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳು ಬಹಳ ವರ್ಷಗಳಿಂದ ಕಂಪ್ಯೂಟರ್ ಕಲಿಯುತ್ತಿರುವುದು ಲಿನಕ್ಸಿನಲ್ಲೇ. ಅದಕ್ಕೆ ಅಂತಲೇ ಉಬುಂಟು ಆಧಾರದ ಮೇಲೆ ಅವರು ಕೈಟ್ ಗ್ನೂ/ಲಿನಕ್ಸ್ ಮಾಡಿಕೊಂಡಿದ್ದಾರೆ. ಹೈಸ್ಕೂಲ್ ಮಕ್ಕಳು, ಅವರಿಗೆ ಕಲಿಸುವ ಗಣಿತ, ಮಲಯಾಳಂ ಮೇಷ್ಟ್ರುಗಳು ಬಳಸುತ್ತಿರುವುದನ್ನು ನಾವು ಬಳಸಲಾರೆವಾ? ನಮ್ಮ ಶಾಲೆಗಳಲ್ಲೂ ಇದು ಆಗಬೇಕಿತ್ತು ಅನ್ನುವ ಆಸೆ ನನಗೆ ಬಲವಾಗಿದೆ.

ಸರಿ, ಆಯ್ಕೆ. ನಾನು ಆರಿಸಿದ್ದು ಲಿನಕ್ಸ್ ಮಿಂಟ್. ಕಾರಣ ಮೂರು. ಅದರ ಮೆನು ಎಡಗಡೆ ಕೆಳಗಿದೆ, ಗಡಿಯಾರ ಬಲಗಡೆ ಕೆಳಗಿದೆ. ಎಪ್ಪತ್ತು ದಾಟಿದವರ ಕೈ ಹಳೇ ಜಾಗಕ್ಕೇ ಹೋಗುತ್ತದೆ, ಅಲ್ವಾ? ಎರಡನೆಯದು, ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಆರು ತಿಂಗಳಿಗೊಮ್ಮೆ ನಾನು ಊರಿಗೆ ಓಡಬೇಕಿಲ್ಲ. ಮೂರನೆಯದು, ಬಳಸುವವರು ಜಾಸ್ತಿ ಇರುವುದರಿಂದ ನಮಗೆ ಬರುವ ತೊಂದರೆ ಇನ್ಯಾರಿಗೋ ಬಂದು ಪರಿಹಾರವೂ ಸಿಕ್ಕಿರುತ್ತದೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಬಲ ಇಲ್ಲ. ಮಿಂಟ್‌ನಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಅಂತ ಮೂರು ರೂಪಗಳಿವೆ. ರ‍್ಯಾಮ್ 4 ಜಿಬಿ ಮಾತ್ರ ಇದ್ದಿದ್ದರಿಂದ ಹಗುರವಾದ ಎಕ್ಸ್‌ಎಫ್‌ಸಿಇ ತೆಗೆದುಕೊಂಡೆ. 8 ಜಿಬಿ ಇದ್ದವರು ಸಿನಮನ್ ಹಾಕಿಕೊಳ್ಳಬಹುದು, ನೋಡಲೂ ಚಂದ.

ಡೌನ್‌ಲೋಡ್ ಆಗುವುದು ಸುಮಾರು 3 ಜಿಬಿಯ ಒಂದು ಐಎಸ್‌ಒ ಫೈಲ್. ಈಗ ಫೋನಿನ ಹಾಟ್‌ಸ್ಪಾಟ್‌ನಲ್ಲೇ ಇಳಿಯುತ್ತದೆ. ಡಯಲ್‌ಅಪ್ ಕಾಲದಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಲಿನಕ್ಸ್ ಸಿಡಿ ಬರುತ್ತಿತ್ತು. ಆಮೇಲೆ ಉಬುಂಟುವಿನವರು ಕೇಳಿದವರಿಗೆಲ್ಲ ಜಗತ್ತಿನ ಯಾವ ಮೂಲೆಗಾದರೂ ಅಂಚೆಯಲ್ಲಿ ಉಚಿತವಾಗಿ ಸಿಡಿ ಕಳಿಸುತ್ತಿದ್ದರು. 2011ರವರೆಗೂ ಅದು ನಡೆಯಿತು. ಹಾಗೆ ಅಂಚೆಯವನು ತಂದುಕೊಟ್ಟ ಸಿಡಿಯಿಂದ ಶುರುಮಾಡಿದವರು ಬೆಂಗಳೂರಿನ ನಮ್ಮ ಆಫೀಸಿನಲ್ಲೇ ಇದ್ದಾರೆ.

ಐಎಸ್‌ಒ ಇಳಿದ ಮೇಲೆ ಮಿಂಟ್‌ನ ಜಾಲತಾಣದಲ್ಲಿ ಕೊಟ್ಟಿರುವ ಶಾ256 ಮೊತ್ತದ (ಫೈಲಿನ ಬೆರಳಚ್ಚಿನಂಥ ಸಂಕೇತ) ಜೊತೆ ನಮ್ಮ ಫೈಲಿನ ಮೊತ್ತ ಹೊಂದುತ್ತಾ ಅಂತ ನೋಡಬೇಕು. ಅರ್ಧಂಬರ್ಧ ಇಳಿದ ಫೈಲೋ, ಯಾರೋ ಕೈಹಾಕಿದ ಫೈಲೋ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ರೂಫಸ್ ಅಥವಾ ಬಲೇನಾ ಎಚರ್ ಅನ್ನುವ ತಂತ್ರಾಂಶ ಬಳಸಿ 8 ಜಿಬಿಯ ಪೆನ್‌ಡ್ರೈವ್‌ಗೆ ಬರೆಯಬೇಕು. ಸುಮ್ನೆ ಕಾಪಿ ಮಾಡಿದರೆ ಆಗುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಅನ್ನುವುದು ನೆನಪಿರಲಿ.

ಈಗ ಹೇಳುವುದು ನನ್ನ ಮಟ್ಟಿಗೆ ಇಡೀ ಕೆಲಸದ ಮುಖ್ಯ ಭಾಗ. ಈ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಆನ್ ಮಾಡಿದರೆ ಲಿನಕ್ಸ್ ಆ ಪೆನ್‌ಡ್ರೈವ್ ಮತ್ತು ರ‍್ಯಾಮ್‌ನಲ್ಲೇ ನಡೆಯುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ನಾವಾಗಿ ಏನೂ ಬರೆಯದಿದ್ದರೆ ಅದು ಹಾಗೇ ಇರುತ್ತದೆ. ಇದಕ್ಕೆ ಲೈವ್ ಅನ್ನುತ್ತಾರೆ. ಎಲ್ಲರೂ ಇದನ್ನು ಇನ್‌ಸ್ಟಾಲ್‌ಗೆ ಮುಂಚಿನ ಬಾಗಿಲು ಅಂದುಕೊಂಡು ದಾಟಿಹೋಗುತ್ತಾರೆ. ದಾಟಬೇಡಿ. ಆಯ್ಕೆ ನಡೆಯಬೇಕಾದ್ದು ಇಲ್ಲೇ. ನಿಮ್ಮದೇ ಯಂತ್ರ, ನಿಮ್ಮದೇ ಫೈಲು, ನಿಮ್ಮದೇ ಕೆಲಸ. ಯಾರ ವಿಮರ್ಶೆಯೂ ಇದಕ್ಕಿಂತ ಹೆಚ್ಚು ಹೇಳಲಾರದು.

ಆನ್ ಮಾಡುವಾಗ ಎಫ್12, ಎಫ್9, ಎಸ್ಕೇಪ್, ಹೀಗೆ ಕಂಪನಿಗೆ ತಕ್ಕ ಕೀಲಿ ಒತ್ತಿದರೆ ಎಲ್ಲಿಂದ ಶುರುವಾಗಬೇಕು ಅಂತ ಕೇಳುತ್ತದೆ. ಪೆನ್‌ಡ್ರೈವ್ ಆರಿಸಿದೆ. ಸ್ವಲ್ಪ ಹೊತ್ತಿಗೆ ಹಸಿರು ಬಣ್ಣದ ಗುರುತು, ಆಮೇಲೆ ಡೆಸ್ಕ್‌ಟಾಪ್. ದೊಡ್ಡಮ್ಮನನ್ನೇ ಮುಂದೆ ಕೂರಿಸಿದೆ. ಧ್ವನಿ ಬಂತು. ಪರದೆಯ ಬೆಳಕು ಹೆಚ್ಚು ಕಡಿಮೆ ಮಾಡುವ ಕೀಲಿಗಳು ಕೆಲಸ ಮಾಡಿದವು. ಮುಚ್ಚಳ ಮುಚ್ಚಿದರೆ ಮಲಗಿತು, ತೆರೆದರೆ ಎದ್ದಿತು. ಕ್ಯಾಮೆರಾ ಸರಿ. ವೈಫೈ ಮಾತ್ರ ಕಾಣಲಿಲ್ಲ.

ವೈಫೈ ಕಾಣದಿರುವುದು ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಅಪರೂಪ ಅಲ್ಲ. ಕೆಲವು ಚಿಪ್‌ಗಳ ಡ್ರೈವರ್ ಮುಕ್ತ ಅಲ್ಲದ ಕಾರಣ ಅದನ್ನು ಬೇರೆಯಾಗಿ ಹಾಕಬೇಕಾಗುತ್ತದೆ. ಹಾಕಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ವೈಫೈ ಬೇಕು! ಇಲ್ಲಿ ಕೈ ಹಿಡಿಯುವುದು ಫೋನ್. ಕೇಬಲ್‌ನಲ್ಲಿ ಫೋನ್ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಲಿನಕ್ಸ್ ಅದನ್ನು ತಂತಿ ಜಾಲದ ಹಾಗೆ ಒಪ್ಪಿಕೊಳ್ಳುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ನಮ್ಮ ಚಿಪ್‌ಗೆ ಬೇಕಾದ ಡ್ರೈವರ್ ತೋರಿಸಿತು. ಟಿಕ್ ಮಾಡಿದೆ, ಮನೆಯ ವೈಫೈ ಹೆಸರು ಕಂಡಿತು.

ಈಗ ನುಡಿ. ಹಳೇ ನುಡಿ ಫೈಲ್‌ಗಳ ವಿಷಯ ಕನ್ನಡದಲ್ಲಿ ಕಂಪ್ಯೂಟರ್ ಬಳಸಿದವರಿಗೆ ಮಾತ್ರ ಅರ್ಥವಾಗುವ ಸಂಕಟ. ಕನ್ನಡ ಗಣಕ ಪರಿಷತ್ತು ನುಡಿ ತಂದಾಗ, ಸರ್ಕಾರಿ ಕಚೇರಿಯಿಂದ ಟೈಪಿಂಗ್ ಅಂಗಡಿಯವರೆಗೆ ಬಹಳ ಜನ ಅದನ್ನೇ ಬಳಸಿದರು. ಆಗಿನ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಕೂರಿಸಿದ್ದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಮಾಲೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಆ ನಿಜರೂಪ ಕಾಣುತ್ತದೆ. ಲಿಬ್ರೆ ಆಫೀಸ್‌ನಲ್ಲಿ (ವರ್ಡ್ ಥರದ ಮುಕ್ತ ತಂತ್ರಾಂಶ) ಸೋಬಾನೆ ಪದದ ಫೈಲ್ ತೆರೆದಾಗ ಪುಟ ತುಂಬಾ ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳು. ದೊಡ್ಡಮ್ಮ ಉಸಿರು ಬಿಗಿಹಿಡಿದು ನೋಡುತ್ತಿದ್ದರು. "ಎಲ್ಲಾ ಹೋಯ್ತೇನೋ?"

ಹೋಗಿರಲಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿದ್ದ ವಿಂಡೋಸ್‌ನ ಫಾಂಟ್ ಫೋಲ್ಡರ್‌ನಿಂದ ನುಡಿ ಫಾಂಟ್‌ಗಳನ್ನು ಎತ್ತಿ ಇಲ್ಲಿ ಇನ್‌ಸ್ಟಾಲ್ ಮಾಡಿದೆ. ಅವು ಮಾಮೂಲಿ ಟಿಟಿಎಫ್ ಫೈಲ್‌ಗಳೇ, ಲಿನಕ್ಸ್ ಅವನ್ನು ಹಾಗೇ ಒಪ್ಪುತ್ತದೆ. ಲಿಬ್ರೆ ಆಫೀಸ್ ಮುಚ್ಚಿ ತೆರೆದರೆ ಇಡೀ ಪದ ಬಂತು, ಒತ್ತಕ್ಷರ ಸಮೇತ. ಅವರು ಅಲ್ಲೇ ಎರಡು ಸಾಲು ಗಟ್ಟಿಯಾಗಿ ಓದಿದರು.

ಓದಲು ಬಂದರೆ ಸಾಲದು, ಟೈಪ್ ಮಾಡಲೂ ಬರಬೇಕಲ್ಲ. ನುಡಿ ತಂತ್ರಾಂಶ ವಿಂಡೋಸ್‌ನದ್ದು. ಆದರೆ ಅವರ ಬೆರಳಿಗೆ ಅಭ್ಯಾಸ ಇರುವುದು ಕಗಪ ಕೀಲಿಮಣೆ, ಅದು ಲಿನಕ್ಸಿನಲ್ಲೂ ಇದೆ. ಐಬಸ್ ಅನ್ನುವ ವ್ಯವಸ್ಥೆಗೆ ಎಂ17ಎನ್ ಅನ್ನುವ ಭಾಗ ಸೇರಿಸಿದರೆ ಕನ್ನಡಕ್ಕೆ ಕಗಪ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಎಲ್ಲ ಸಿಗುತ್ತವೆ. ಹಾಕಿ ಕೊಟ್ಟೆ. ಅವರ ಬೆರಳು ತಡವರಿಸಲಿಲ್ಲ. ಜೊತೆಗೆ ಒಂದು ಲಾಭ: ಇಲ್ಲಿ ಟೈಪ್ ಮಾಡಿದ್ದೆಲ್ಲ ಯೂನಿಕೋಡ್. ವಾಟ್ಸಾಪ್‌ಗೂ ಹಾಕಬಹುದು, ಮೇಲ್‌ನಲ್ಲೂ ಕಳಿಸಬಹುದು, ಫಾಂಟ್ ಜೊತೆಗೆ ಕಳಿಸುವ ಗೋಜಿಲ್ಲ. ಗುಬ್ಬಿ, ನವಿಲು ಅನ್ನುವ ಮುಕ್ತ ಕನ್ನಡ ಫಾಂಟ್‌ಗಳೂ ಇವೆ. ದೊಡ್ಡಮ್ಮನಿಗೆ ನವಿಲು ಹಿಡಿಸಿತು.

ಹಾಳೆಯ ಮೇಲಿದ್ದದ್ದೆಲ್ಲ ಪೆನ್‌ಡ್ರೈವ್‌ನಿಂದಲೇ ನಡೆದ ಮೇಲಷ್ಟೇ ಇನ್‌ಸ್ಟಾಲ್‌ನ ಮಾತು. ಇಲ್ಲಿ ಹೆಚ್ಚಿನವರು ಕೇಳುವುದು, ವಿಂಡೋಸ್ ಪಕ್ಕದಲ್ಲೇ ಇರಲಾ, ಪೂರ್ತಿ ಅಳಿಸಲಾ ಅಂತ. ಪಕ್ಕಪಕ್ಕದಲ್ಲಿ ಇಡಬಹುದು. ಆನ್ ಮಾಡಿದಾಗ ಗ್ರಬ್ ಅನ್ನುವ ಪಟ್ಟಿ ಬಂದು ಯಾವುದು ಬೇಕು ಅಂತ ಕೇಳುತ್ತದೆ. ಅದಕ್ಕೆ ಮುಂಚೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಬೇಕು. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ಸೌಲಭ್ಯ) ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಂಡಿರಲೇಬೇಕು. ಒಂದೇ ಡಿಸ್ಕ್‌ನಲ್ಲಿ ಜಾಗ ಹಂಚುವ ಕೆಲಸ ಹೊಸಬರಿಗೆ ಎದೆ ಢವಢವ ಅನ್ನಿಸುವಂಥದ್ದು.

ನನಗೆ ತೋಚಿದ ದಾರಿ ಬೇರೆ, ಇವತ್ತು ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ. ಒಂದು 256 ಜಿಬಿಯ ಸಾಟಾ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಡಿಸ್ಕ್, ಕೊಳ್ಳಿ. ಲ್ಯಾಪ್‌ಟಾಪ್ ತಳ ಬಿಚ್ಚಿ ಹಳೇ ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗಕ್ಕೆ ಇದನ್ನು ಹಾಕಿ. ಸ್ಕ್ರೂ ಬಿಚ್ಚಲು ಅಂಜಿಕೆ ಇದ್ದರೆ ಕಂಪ್ಯೂಟರ್ ರಿಪೇರಿ ಅಂಗಡಿಯವರು ಮಾಡಿಕೊಡುತ್ತಾರೆ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದ್ದೇ ಇದೆ. ಹಳೇ ಡಿಸ್ಕ್ ವಿಂಡೋಸ್ ಸಮೇತ, ಫೈಲ್‌ಗಳ ಸಮೇತ ಬೀರುವಿನಲ್ಲಿ ಕೂತಿರಲಿ. ಲಿನಕ್ಸ್ ಹಿಡಿಸದಿದ್ದರೆ ಮತ್ತೆ ಅದನ್ನೇ ಸಿಕ್ಕಿಸಿದರೆ ಎಲ್ಲ ಮೊದಲಿನ ಹಾಗೆ. ಇನ್‌ಸ್ಟಾಲರ್ "ಡಿಸ್ಕ್ ಪೂರ್ತಿ ಅಳಿಸಲಾ?" ಅಂತ ಕೇಳುವ ಜಾಗದಲ್ಲಿ ಧೈರ್ಯವಾಗಿ ಹೂಂ ಅನ್ನಬಹುದು, ಯಾಕಂದರೆ ಒಳಗಿರುವುದು ಖಾಲಿ ಡಿಸ್ಕ್ ಒಂದೇ. ಇನ್ನು ವೇಗ. ಹಳೇ ಲ್ಯಾಪ್‌ಟಾಪ್ ನಿಧಾನ ಆಗಿದೆ ಅನ್ನುವ ದೂರಿಗೆ ಬಹಳ ಸಲ ಕಾರಣ ಆ ತಿರುಗುವ ಡಿಸ್ಕ್. ಅದನ್ನು ಬದಲಿಸದೆ ಲಿನಕ್ಸ್ ಒಂದನ್ನೇ ಹಾಕಿ ಪವಾಡ ಕಾಯಬೇಡಿ.

ಹಾರ್ಡ್ ಡಿಸ್ಕ್ ಬೀರುವಿನಲ್ಲಿದ್ದರೂ ಹಾಡುಗಳ ಫೋಲ್ಡರನ್ನು ಇನ್ನೊಂದು ಕಡೆಗೂ ಕಾಪಿ ಮಾಡಿದೆ. ಹಾಡಿದ ಅಜ್ಜಿಯರಲ್ಲಿ ಹಲವರು ಈಗ ಇಲ್ಲ. ಆ ಧ್ವನಿಗಳು ಒಂದೇ ಡಿಸ್ಕ್‌ನಲ್ಲಿ ಇರಬಾರದು.

ಇನ್‌ಸ್ಟಾಲ್ ಬಗ್ಗೆ ಹೇಳುವುದು ಕಡಿಮೆ. ಭಾಷೆ, ಕೀಲಿಮಣೆ, ಮಲ್ಟಿಮೀಡಿಯಾ ಕೋಡೆಕ್‌ಗಳಿಗೆ ಟಿಕ್, ಡಿಸ್ಕ್, ಸಮಯಕ್ಕೆ ಭೂಪಟದಲ್ಲಿ ಕೋಲ್ಕತಾ, ಹೆಸರು, ಪಾಸ್‌ವರ್ಡ್. ಊಟ ಮುಗಿಸಿ ಬರುವಷ್ಟರಲ್ಲಿ ಆಗಿತ್ತು. ಒಂದು ಕಡೆ ಮಾತ್ರ ಗಮನ ಬೇಕು. ಸೆಕ್ಯೂರ್ ಬೂಟ್ (ಒಪ್ಪಿಗೆಯಿಲ್ಲದ ತಂತ್ರಾಂಶ ಶುರುವಾಗದಂತೆ ತಡೆಯುವ ವ್ಯವಸ್ಥೆ) ಆನ್ ಇದ್ದರೆ ಇನ್‌ಸ್ಟಾಲರ್ ಒಂದು ಬೇರೆ ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆಯೊಂದು ಬಂದು ಅದನ್ನು ಮತ್ತೆ ಕೇಳುತ್ತದೆ. ಅದು ಏನೋ ಕೆಟ್ಟುಹೋದ ಸೂಚನೆ ಅಲ್ಲ. ಹೊರಗಿನಿಂದ ಬಂದ ಡ್ರೈವರ್‌ಗೆ ನಮ್ಮ ಒಪ್ಪಿಗೆ ಕೇಳುವ ಕ್ರಮ. ಅಲ್ಲಿ 'ಎನ್‌ರೋಲ್' ಆರಿಸಿ ಅದೇ ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು.

ಮೊದಲ ಸಲ ಶುರುವಾದಾಗ ಬರುವ ಸ್ವಾಗತದ ಕಿಟಕಿಯನ್ನು ಮುಚ್ಚಿಬಿಡಬೇಡಿ. ಅದರಲ್ಲಿರುವ ಟೈಮ್‌ಶಿಫ್ಟ್ ಅನ್ನುವ ತಂತ್ರಾಂಶ, ವ್ಯವಸ್ಥೆಯ ಒಂದು ಪ್ರತಿಯನ್ನು ಎತ್ತಿಡುತ್ತದೆ. ಮುಂದೆ ಯಾವುದೋ ಅಪ್‌ಡೇಟ್ ಕೈಕೊಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ನಮ್ಮ ಫೈಲ್‌ಗಳ ಬ್ಯಾಕಪ್ ಮಾತ್ರ ಬೇರೆಯೇ ಮಾಡಿಕೊಳ್ಳಬೇಕು. ತಂತ್ರಾಂಶ ಬೇಕಾದಾಗ ಗೂಗಲ್‌ನಲ್ಲಿ ಹುಡುಕಿ ಎಲ್ಲೆಲ್ಲಿಂದಲೋ ಇಳಿಸುವ ಅಭ್ಯಾಸವನ್ನೂ ಬಿಡಬೇಕು. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಹುಡುಕುವುದು, ಅಲ್ಲಿಂದಲೇ ಹಾಕುವುದು. ಫೋನಿನಲ್ಲಿ ಪ್ಲೇ ಸ್ಟೋರ್ ಬಳಸಿದವರಿಗೆ ಇದು ಹೊಸದಲ್ಲ. ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್ ಬಗ್ಗೆ ಭಯ ಬೇಡ, ಆದರೆ ಇಂಟರ್‌ನೆಟ್‌ನಲ್ಲಿ ಸಿಕ್ಕ ಆಜ್ಞೆಯನ್ನು ಅರ್ಥ ತಿಳಿಯದೆ ಅಂಟಿಸಬೇಡಿ. ಅದು 'ಸುಡೋ' ಅಂತ ಶುರುವಾದರೆ ಇನ್ನೂ ಎಚ್ಚರ. ಆ ಪದ ಇದ್ದರೆ ಇಡೀ ಕಂಪ್ಯೂಟರಿನ ಬೀಗದ ಕೈ ಕೊಟ್ಟ ಹಾಗೆ.

ಪ್ರಿಂಟರ್ ವಿಷಯದಲ್ಲಿ ಎಲ್ಲರ ಅದೃಷ್ಟ ಒಂದೇ ಇರುವುದಿಲ್ಲ. ಎಚ್‌ಪಿಯವರು ಲಿನಕ್ಸಿಗೆ ಎಚ್‌ಪಿಲಿಪ್ ಅನ್ನುವ ಡ್ರೈವರ್ ಕೊಡುತ್ತಾರೆ, ಹೊಸ ವೈಫೈ ಪ್ರಿಂಟರ್‌ಗಳಿಗೆ ಬಹುತೇಕ ಡ್ರೈವರೇ ಬೇಡ. ಹಳೇ ಲೇಸರ್ ಪ್ರಿಂಟರ್‌ಗಳಲ್ಲಿ ಕೆಲವು ಬಹಳ ಸತಾಯಿಸುತ್ತವೆ. ಅಂಥದ್ದು ನಿಮ್ಮಲ್ಲಿದ್ದರೆ ಲೈವ್‌ನಲ್ಲೇ ಒಂದು ಪುಟ ಪ್ರಿಂಟ್ ತೆಗೆದು ನೋಡಿ. ದೊಡ್ಡಮ್ಮ ಪಿಡಿಎಫ್ ಮಾಡಿ ಜೆರಾಕ್ಸ್ ಅಂಗಡಿಯ ವಾಟ್ಸಾಪ್‌ಗೆ ಕಳಿಸುತ್ತಾರೆ.

ಮೆನುಗಳನ್ನು ಕನ್ನಡಕ್ಕೆ ತಿರುಗಿಸಿದ್ದೇವೆ. ಕೆಲವು ಕಡೆ ಇನ್ನೂ ಇಂಗ್ಲಿಷ್ ಉಳಿದಿದೆ. ಈ ಅನುವಾದ ಮಾಡಿದವರಲ್ಲಿ ಬಹಳ ಜನ ಸಂಬಳವಿಲ್ಲದೆ, ಸಂಜೆಯ ಹೊತ್ತು ಕೂತು ಮಾಡಿದ ಕನ್ನಡಿಗರು. "ಇದನ್ನ ನಾನೂ ಮಾಡಬಹುದಾ?" ಅಂತ ದೊಡ್ಡಮ್ಮ ಕೇಳಿದರು. ಖಂಡಿತ ಮಾಡಬಹುದು. ಮೂವತ್ತು ವರ್ಷ ಕನ್ನಡ ಕಲಿಸಿದವರಿಗಿಂತ ಯಾರು ಬೇಕು?

ಸದ್ಯಕ್ಕೆ ಅವರ ಕೈಯಲ್ಲಿ ಇನ್ನೊಂದು ಕೆಲಸ ಇದೆ. ಹಳೇ ನುಡಿ ಫೈಲ್‌ಗಳನ್ನು ಒಂದೊಂದಾಗಿ ಯೂನಿಕೋಡ್‌ಗೆ ಬದಲಿಸುತ್ತಿದ್ದಾರೆ. ಪರಿವರ್ತಕ ಬಹುಪಾಲು ಸರಿಯಾಗಿ ಮಾಡುತ್ತದೆ. ಅರ್ಕಾವತ್ತು ಬಂದ ಕಡೆ, ಮೂರು ಅಕ್ಷರ ಕೂಡಿದ ಕಡೆ ಕಣ್ಣಾಡಿಸಬೇಕು. ಹಳೇ ಫೈಲ್‌ಗಳಲ್ಲಿ "ಬಾಳೆ" ಅಂತ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಬದಲಿಸಿದ ಫೈಲ್‌ಗಳಲ್ಲಿ ಹುಡುಕಿದರೆ ಬಾಳೆ ಬರುವ ಪದಗಳೆಲ್ಲ ಸಾಲಾಗಿ ಬರುತ್ತವೆ. ಒಂದೇ ಪದದ ಎರಡು ಊರಿನ ಪಾಠಗಳನ್ನು ಪಕ್ಕಪಕ್ಕ ಇಟ್ಟು ಎಲ್ಲಿ ಸಾಲು ಬದಲಾಗಿದೆ ಅಂತ ನೋಡಲು ಈಗ ಆಗುತ್ತಿದೆ. ಹೊನ್ನವಳ್ಳಿ ಕಡೆಯ ಪದಗಳು ಮುಗಿದಿವೆ, ಅರಸೀಕೆರೆ ಕಡೆಯವು ಬಾಕಿ.